ಹಳೆ ಅಂಬಾಸಿಡರ್‌ನ ಆಯಿಲ್ ಸೋರಿಕೆ ಮತ್ತು ಸಡಿಲ ಬೋಲ್ಟ್: ಮನೆಯಲ್ಲೇ ಸರಿ ಮಾಡುವ ಬಗೆ

ಗಾಡಿ ನಿಂತ ಜಾಗದಲ್ಲಿ ಕಪ್ಪು ಕಲೆ ಕಂಡ ಕೂಡಲೇ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಬಾನೆಟ್ ಎತ್ತುತ್ತಾರೆ, ಒದ್ದೆ ಕಂಡ ಕಡೆ ಸ್ಪ್ಯಾನರ್ ಹಾಕುತ್ತಾರೆ, ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ. ನಾಲ್ಕು ದಿನ ನಿಂತ ಹಾಗೆ ಕಾಣುತ್ತದೆ. ಆಮೇಲೆ ಮೊದಲಿಗಿಂತ ಜಾಸ್ತಿ ಸೋರಲು ಶುರುವಾಗುತ್ತದೆ. ನಾನು ಕಂಡಂತೆ, ಹಳೆ ಎಂಜಿನ್‌ಗಳಲ್ಲಿ ಸಡಿಲ ಬೋಲ್ಟಿನಿಂದ ಸೋರುವುದಕ್ಕಿಂತ ಅಳತೆ ಮೀರಿ ಬಿಗಿ ಮಾಡಿದ ಬೋಲ್ಟಿನಿಂದ ಸೋರುವುದೇ ಹೆಚ್ಚು. ತಗಡಿನ ಕವರ್ ಬಾಗುತ್ತದೆ, ಸಂದಿ ಮುಚ್ಚಲು ನಡುವೆ ಇಟ್ಟ ಕಾರ್ಕ್ ಪ್ಯಾಕಿಂಗ್ ನುಜ್ಜಾಗುತ್ತದೆ, ಆ ಸಂದಿಯಲ್ಲಿ ಆಯಿಲ್ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಸ್ಪ್ಯಾನರ್ ಆಮೇಲೆ. ಮೊದಲು ಎಲ್ಲಿಂದ ಸೋರುತ್ತಿದೆ, ಯಾಕೆ ಸೋರುತ್ತಿದೆ ಅಂತ ಗೊತ್ತಾಗಬೇಕು.

ಇಲ್ಲಿ ಹೇಳುವುದೆಲ್ಲ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇಟ್ಟುಕೊಂಡು. ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಎಂಜಿನ್ ಅದು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಆದರೂ ಮೈಸೂರಿನ ಹಳೆ ಬಡಾವಣೆಗಳ ಕಾಂಪೌಂಡುಗಳಲ್ಲಿ, ಮಂಡ್ಯ ಸುತ್ತಿನ ತೋಟದ ಮನೆಗಳ ಶೆಡ್ಡುಗಳಲ್ಲಿ ಈ ಗಾಡಿಗಳು ಇನ್ನೂ ಇವೆ. ನಿಮ್ಮದು ಪ್ರೀಮಿಯರ್ ಪದ್ಮಿನಿ ಆದರೂ ಕೆಲಸದ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ.

"ಅಂಬಾಸಿಡರ್ ಅಂದ ಮೇಲೆ ಆಯಿಲ್ ಸೋರುವುದೇ ಸಾರ್" ಅನ್ನುವ ಮಾತನ್ನು ನಂಬಿ ಸುಮ್ನೆ ಬಿಡಬೇಡಿ. ಸೋರಿದ ಆಯಿಲ್ ಎಂಜಿನ್ ಮೌಂಟಿಂಗ್‌ನ ರಬ್ಬರ್ ಮೇಲೆ ಬೀಳುತ್ತದೆ. ಆಯಿಲ್ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ, ಕೊನೆಗೆ ಹರಿಯುತ್ತದೆ. ಹರಿದ ಮೌಂಟಿಂಗ್ ಮೇಲೆ ಕೂತ ಎಂಜಿನ್ ಅಲುಗಾಡುತ್ತದೆ. ಅಲುಗಾಟಕ್ಕೆ ಬೋಲ್ಟುಗಳು ಸಡಿಲವಾಗುತ್ತವೆ, ಸಡಿಲವಾದ ಕಡೆ ಇನ್ನಷ್ಟು ಸೋರುತ್ತದೆ. ಸೋರಿಕೆ, ಸಡಿಲು ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನುವುದು ಇದಕ್ಕೇ.

ಮೊದಲು ತೊಳೆಯಿರಿ

ಕೊಳೆ ಮೆತ್ತಿದ ಎಂಜಿನ್‌ನಲ್ಲಿ ಸೋರಿಕೆ ಹುಡುಕಲು ಆಗುವುದಿಲ್ಲ. ನಮ್ಮ ಕಡೆಯ ಕೆಂಪು ಧೂಳು ಆಯಿಲ್ ಜೊತೆ ಸೇರಿದರೆ ಗಟ್ಟಿ ಪದರ ಕಟ್ಟುತ್ತದೆ. ಎಲ್ಲಾ ಕಡೆ ಒಂದೇ ಕಪ್ಪು, ಒಂದೇ ಒದ್ದೆ. ಆಯುಧ ಪೂಜೆಗೆ ಹೇಗೂ ಗಾಡಿ ತೊಳೆಯುತ್ತೀರಿ ಅಲ್ವಾ, ಅದಕ್ಕೆ ಒಂದು ವಾರ ಮುಂಚೆ ಈ ಕೆಲಸ ಇಟ್ಟುಕೊಂಡರೆ ಒಳ್ಳೆಯದು. ಪೂಜೆಯ ಹೊತ್ತಿಗೆ ಎಂಜಿನ್ ಒಣಗಿರುತ್ತದೆ, ಸೋರಿಕೆಯೂ ಕೈಗೆ ಸಿಕ್ಕಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಡೈನಮೋ, ಕಾರ್ಬುರೇಟರ್ ಬಾಯಿ ಇಷ್ಟಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ದಪ್ಪ ಕೊಳೆಯನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ. ಉಳಿದದ್ದಕ್ಕೆ ಅಂಗಡಿಯಲ್ಲಿ ಸಿಗುವ ಡಿಗ್ರೀಸರ್ ಅಥವಾ ಸ್ವಲ್ಪ ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ. ಆಮೇಲೆ ಬಟ್ಟೆ ಸೋಪಿನ ಪುಡಿ ಕಲಸಿದ ನೀರು, ಕೊನೆಗೆ ಸಾದಾ ನೀರು. ಪೆಟ್ರೋಲ್‌ನಲ್ಲಿ ಎಂಜಿನ್ ತೊಳೆಯಲೇಬೇಡಿ. ಎಷ್ಟೋ ಶೆಡ್ಡುಗಳಲ್ಲಿ ಈ ಅಭ್ಯಾಸ ಇದೆ, ಆದರೆ ಒಂದು ಕಿಡಿ ಸಾಕು. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ನೀರೂ ಬೇಡ. ಅದು ಒಣಗಿದ ಸೀಲುಗಳ ಒಳಗೆ ನೀರು ನುಗ್ಗಿಸುತ್ತದೆ.

ಗಾಡಿಯ ಅಡಿಗೆ ಹೋಗುವ ಮುಂಚೆ ಒಂದು ಮಾತು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಸಮತಟ್ಟಾದ ಗಟ್ಟಿ ನೆಲ ಬೇಕು, ಎರಡು ಕಡೆ ಜ್ಯಾಕ್ ಸ್ಟ್ಯಾಂಡ್ ಬೇಕು, ನೆಲದ ಮೇಲಿರುವ ಗಾಲಿಗಳಿಗೆ ಮರದ ಒತ್ತು ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸಿ ಕಾರು ನಿಲ್ಲಿಸುವವರನ್ನು ನೋಡಿದ್ದೇನೆ. ಅವು ಸೂಚನೆ ಕೊಡದೆ ಒಡೆಯುತ್ತವೆ.

ಸೋರಿಕೆಯ ಮೂಲ ಹುಡುಕುವುದು

ಆಯಿಲ್ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗ ಫ್ಯಾನಿನ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ನೆಲದ ಮೇಲೆ ತೊಟ್ಟು ಬಿದ್ದ ಜಾಗಕ್ಕೂ ಸೋರಿಕೆ ಹುಟ್ಟಿದ ಜಾಗಕ್ಕೂ ಒಂದೂವರೆ ಅಡಿ ದೂರ ಇರಬಹುದು. ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೊದಲ ಅನುಮಾನ.

ತೊಳೆದು ಒಣಗಿದ ಎಂಜಿನ್ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಮೈಸೂರು ಸ್ಯಾಂಡಲ್ ಆದರೂ ಸರಿ, ಯಾವುದಾದರೂ ಸರಿ. ಟ್ಯಾಪೆಟ್ ಕವರಿನ (ಎಂಜಿನ್ ನೆತ್ತಿಯ ಮುಚ್ಚಳ) ಅಂಚು, ಹೆಡ್ ಮತ್ತು ಬ್ಲಾಕ್ ಸೇರುವ ಗೆರೆ, ಫಿಲ್ಟರ್ ಬುಡ, ಎಂಜಿನ್ ಮುಂದಿನ ಟೈಮಿಂಗ್ ಕವರ್, ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಅಂಚು, ಎಲ್ಲ ಕಡೆ ತೆಳ್ಳಗೆ ಬೀಳಲಿ. ಫ್ಯಾನಿನ ಹತ್ತಿರ ಬಟ್ಟೆ ಬಿಡಬೇಡಿ. ಬ್ಯಾಟರಿ ಜೋಡಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಕಂದು ಗೆರೆ ಎಲ್ಲಿಂದ ಇಳಿದಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಏನೂ ಕಾಣದಿದ್ದರೆ ಊರೊಳಗೆ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ.

ರಾತ್ರಿ ಗಾಡಿ ಅಡಿಗೆ ಅಗಲವಾದ ರಟ್ಟು ಹಾಸಿ. ಮುಂದಿನ ಗಾಲಿಗಳ ಜಾಗವನ್ನು ಅದರ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ. ಬೆಳಗ್ಗೆ ತೊಟ್ಟುಗಳು ರೇಡಿಯೇಟರ್ ಕಡೆ ಬಿದ್ದಿವೆಯೋ, ನಡುವೆಯೋ, ಗೇರ್‌ಬಾಕ್ಸ್ ಸೇರುವ ಕಡೆಯೋ ತಿಳಿಯುತ್ತದೆ. ತೊಟ್ಟನ್ನು ಬೆರಳಿಗೆ ತಾಗಿಸಿ, ಮೂಸಿ ನೋಡಿ. ಎಂಜಿನ್ ಆಯಿಲ್ ಕಪ್ಪು ಅಥವಾ ಕಂದು. ಗೇರ್ ಆಯಿಲ್ ಅದಕ್ಕಿಂತ ಮಂದ, ಗಂಧಕದ ಘಾಟು ಇರುತ್ತದೆ. ಬ್ರೇಕ್ ಆಯಿಲ್ ತೆಳು, ಬಣ್ಣ ಕಡಿಮೆ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಬ್ರೇಕ್ ಆಯಿಲ್ ಅಂತ ಅನುಮಾನ ಬಂದರೆ ಗಾಡಿ ಹೊರಗೆ ತೆಗೆಯಬೇಡಿ, ಅದನ್ನು ಸರಿ ಮಾಡಿದ ಮೇಲೆಯೇ ಉಳಿದದ್ದು.

ಇದೇ ಹೊತ್ತಿನಲ್ಲಿ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಮೇಲೇರಿದ್ದರೆ, ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಚೇಂಬರ್‌ಗೆ ಇಳಿಯುತ್ತಿರಬಹುದು. ನೀರಾದ ಆಯಿಲ್ ಎಲ್ಲಾ ಸಂದಿಯಲ್ಲೂ ಸೋರುತ್ತದೆ, ಬೇರಿಂಗುಗಳನ್ನೂ ತಿನ್ನುತ್ತದೆ. ಆಗ ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಸರಿ ಮಾಡಿ, ಆಯಿಲ್ ಬದಲಾಯಿಸಿ. ಎಷ್ಟೋ ಸಲ ಸೋರಿಕೆ ಅಲ್ಲಿಗೇ ಅರ್ಧ ಕಡಿಮೆಯಾಗುತ್ತದೆ.

ಬ್ರೀದರ್ ನೋಡದೆ ಪ್ಯಾಕಿಂಗ್ ಬದಲಾಯಿಸಬೇಡಿ

ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಬರುತ್ತದೆ. ಅದು ಹೊರಗೆ ಹೋಗಲು ದಾರಿ ಬೇಕು. ಆ ದಾರಿಯೇ ಬ್ರೀದರ್. ಅದು ಮುಚ್ಚಿದರೆ ಎಂಜಿನ್ ಒಳಗೆ ಒತ್ತಡ ಏರಿ, ಆಯಿಲ್‌ ಅನ್ನು ಸಿಕ್ಕಿದ ಸಂದಿಯಿಂದ ಹೊರಕ್ಕೆ ತಳ್ಳುತ್ತದೆ. ನೀವು ಎಷ್ಟೇ ಒಳ್ಳೆ ಪ್ಯಾಕಿಂಗ್ ಹಾಕಿದರೂ ಅದು ನಿಲ್ಲುವುದಿಲ್ಲ.

ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರ್‌ಗೆ ಹೋಗುವ ರಬ್ಬರ್ ಪೈಪು, ಎಂಜಿನ್ ಪಕ್ಕದಿಂದ ಕೆಳಕ್ಕೆ ಇಳಿಯುವ ಬ್ರೀದರ್ ಪೈಪು, ಆಯಿಲ್ ಹಾಕುವ ಮುಚ್ಚಳದ ಜಾಲರಿ, ಮೂರನ್ನೂ ಬಿಚ್ಚಿ ತೊಳೆದು ಊದಿ ನೋಡಿ. ಬಹಳ ದಿನ ನಿಂತ ಗಾಡಿಗಳಲ್ಲಿ ಇನ್ನೊಂದು ತೊಂದರೆ ಇದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಪೈಪಿನ ಬಾಯಿ ಅಂದರೆ ಬಹಳ ಇಷ್ಟ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯ ಪೈಪಿನೊಳಗೆ ಬೆರಳು ಹಾಕಿದರೆ ಒಣ ಮಣ್ಣು ಸಿಗುತ್ತದೆ. ದಪ್ಪ ತಂತಿ ಆಡಿಸಿ ಪೂರ್ತಿ ತೆಗೆಯಿರಿ. ಪೈಪನ್ನು ಎಂಜಿನ್‌ನಿಂದ ಬಿಚ್ಚಿಯೇ ಈ ಕೆಲಸ ಮಾಡಬೇಕು, ಮಣ್ಣು ಒಳಗೆ ಬೀಳಬಾರದು.

ಎಲ್ಲ ತೊಳೆದು ಜೋಡಿಸಿದ ಮೇಲೆ ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ತೆಳು ಆವಿ ಬಂದರೆ ಚಿಂತೆ ಇಲ್ಲ. ಹೊಗೆ ಬುಸುಬುಸು ಅಂತ ರಭಸದಿಂದ ಬಂದರೆ ರಿಂಗುಗಳು ಸವೆದಿವೆ. ಹಾಗಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಆಮೇಲೆ ಮುಂದಿನ ಖರ್ಚು ಯೋಚಿಸಿ.

ಟ್ಯಾಪೆಟ್ ಕವರ್

ಬಹುಪಾಲು ಸೋರಿಕೆ ಇಲ್ಲಿಂದಲೇ. ಇದು ಬರೀ ಕಲೆಯ ವಿಷಯವೂ ಅಲ್ಲ. ಬಿ-ಸೀರೀಸ್ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಡಗಡೆ ಇದೆ. ಆ ಕಡೆ ಸೋರಿದ ಆಯಿಲ್ ನೇರ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಸಂದಿಯಿಂದ ನೀಲಿ ಹೊಗೆ, ಸುಟ್ಟ ವಾಸನೆ ಬರುವುದು ಇದರಿಂದ. ಬೆಂಕಿಗೂ ದಾರಿ.

ಕವರ್ ಮೇಲೆ ಎರಡು ನಟ್ ಇವೆ. ಅವುಗಳ ಕೆಳಗೆ ಬಟ್ಟಲಿನಂಥ ವಾಷರ್, ಅದರ ಕೆಳಗೆ ರಬ್ಬರ್ ಬುಷ್. ನಟ್ ಬಿಚ್ಚಿ, ಬ್ರೀದರ್ ಪೈಪ್ ಕಳಚಿ, ಕವರನ್ನು ಅಂಗೈಯಲ್ಲಿ ಪಕ್ಕದಿಂದ ತಟ್ಟಿ. ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆ ಸಾಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಂಚು ಬಾಗುತ್ತದೆ, ಹೊಸ ಸೋರಿಕೆಗೆ ನೀವೇ ಬಾಗಿಲು ತೆರೆದ ಹಾಗೆ.

ಕವರ್ ಒಳಭಾಗ ಗಮನಿಸಿ. ಕಂದು ಪದರ ಸಹಜ. ಕಪ್ಪು ಕೆಸರು ತುಂಬಿದ್ದರೆ ಆಯಿಲ್ ಬದಲಾಯಿಸಿ ಬಹಳ ಕಾಲ ಆಗಿದೆ. ಬೆಣ್ಣೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ಅದು ತೇವದಿಂದಲೂ ಬರುತ್ತದೆ. ಆದರೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು.

ಈಗ ಹಳೆ ಕಾರ್ಕ್ ತೆಗೆಯಿರಿ. ಚೂರುಗಳು ಎಂಜಿನ್ ಒಳಗೆ ಬೀಳದಂತೆ ರಾಕರ್ ಮೇಲೆ ಶುಭ್ರ ಬಟ್ಟೆ ಹಾಸಿ. ನೂಲು ಬಿಡುವ ವೇಸ್ಟ್ ಬೇಡ. ಹೆಡ್ಡಿನ ಅಂಚನ್ನು ಮರ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆದು, ಕೊನೆಗೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಬೆರಳು ಓಡಿಸಿದರೆ ಎಲ್ಲೂ ತಡೆಯಬಾರದು.

ಆಮೇಲೆ ಕವರ್ ಸಮ ಇದೆಯೇ ನೋಡಬೇಕು. ಮನೆಯಲ್ಲಿ ಗ್ರಾನೈಟ್ ಕಟ್ಟೆ ಇದೆ ಅಲ್ವಾ, ಅದರ ಮೇಲೆ ಪೇಪರ್ ಹಾಸಿ ಕವರ್ ಕೂರಿಸಿ, ಒಳಗೆ ಟಾರ್ಚ್ ಇಟ್ಟು ಅಂಚಿನ ಸುತ್ತ ನೋಡಿ. ಬೆಳಕು ಹೊರಗೆ ಬಂದ ಕಡೆ ಕವರ್ ಎದ್ದಿದೆ. ಆ ಜಾಗದ ಅಡಿಗೆ ಗಟ್ಟಿ ಮರದ ತುಂಡು ಕೊಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸಮ ಮಾಡಿ. ಹೊಸ ಪ್ಯಾಕಿಂಗ್ ಹಾಕಿದರೂ ನಿಲ್ಲದ ಸೋರಿಕೆ ಹೆಚ್ಚಾಗಿ ಈ ಹೆಜ್ಜೆ ಬಿಟ್ಟಿದ್ದರಿಂದ.

ಅಂಗಡಿಯಲ್ಲಿ ಬಹಳ ದಿನ ತೂಗಿದ ಕಾರ್ಕ್ ಪ್ಯಾಕಿಂಗ್ ಒಣಗಿ ಕುಗ್ಗಿರುತ್ತದೆ, ಕವರಿಗೆ ಗಿಡ್ಡ ಬರುತ್ತದೆ. ಎಳೆದು ಹಿಗ್ಗಿಸಬೇಡಿ, ಹರಿಯುತ್ತದೆ. ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ತನ್ನ ಅಳತೆಗೆ ಬರುತ್ತದೆ. ನೀರು ಒರೆಸಿ, ಮೇಲ್ಮೈ ಒಣಗಿದ ಮೇಲೆ ಕವರ್ ಕಡೆಗೆ ಮಾತ್ರ ಶೆಲ್ಲಾಕ್ (ಅರಗಿನ ಅಂಟು) ತೆಳ್ಳಗೆ ಹಚ್ಚಿ ಅಂಟಿಸಿ. ಗ್ರಾನೈಟ್ ಮೇಲೆ ಕವರ್ ಕೂರಿಸಿ, ಮೇಲೆ ಸ್ವಲ್ಪ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಹೆಡ್ ಕಡೆಗೆ ಏನೂ ಹಚ್ಚಬೇಡಿ, ಬೇಕಿದ್ದರೆ ಬೆರಳಲ್ಲಿ ಗ್ರೀಸ್ ಸವರಿ. ಟ್ಯಾಪೆಟ್ ಸೆಟ್ಟಿಂಗ್‌ಗೆ ಮತ್ತೆ ಮತ್ತೆ ತೆಗೆಯುವ ಕವರ್ ಇದು. ಎರಡೂ ಕಡೆ ಅಂಟಿಸಿದರೆ ಮುಂದಿನ ಸಲ ಪ್ಯಾಕಿಂಗ್ ಹರಿದೇ ಬರುತ್ತದೆ.

ನಟ್ ಕೆಳಗಿನ ರಬ್ಬರ್ ಬುಷ್‌ಗಳನ್ನೂ ಹೊಸದಾಗಿ ಹಾಕಿ. ಕಾರ್ಕ್ ಸರಿಯಿದ್ದು ಬುಷ್ ಗಟ್ಟಿಯಾಗಿದ್ದರೆ ಆಯಿಲ್ ಸ್ಟಡ್ ಹಿಡಿದು ಮೇಲೆ ಬರುತ್ತದೆ. ಬಿ-ಸೀರೀಸ್ ವರ್ಕ್‌ಷಾಪ್ ಮ್ಯಾನ್ಯುಯಲ್‌ಗಳಲ್ಲಿ ಈ ನಟ್‌ಗಳ ಬಿಗಿ 4 ಪೌಂಡ್-ಅಡಿ, ಅಂದರೆ ಸುಮಾರು 5.4 ನ್ಯೂಟನ್ ಮೀಟರ್. ಇದು ಬಹಳ ಕಡಿಮೆ. ಸಣ್ಣ ಸ್ಪ್ಯಾನರ್ ಅನ್ನು ಎರಡು ಬೆರಳಲ್ಲಿ ಹಿಡಿದು, ಎರಡು ನಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ರಬ್ಬರ್ ಬುಷ್ ಸ್ವಲ್ಪ ಅದುಮಿತು ಅನ್ನಿಸಿದಾಗ ನಿಲ್ಲಿಸಿ.

ಪಕ್ಕದ ಕವರ್, ಫಿಲ್ಟರ್, ಪೈಪುಗಳು

ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಪಕ್ಕದಲ್ಲಿ ತಗಡಿನ ಎರಡು ಸಣ್ಣ ಕವರ್‌ಗಳಿವೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟ್. ಅದನ್ನು ಜೋರಾಗಿ ಬಿಗಿದರೆ ನಡುಭಾಗ ಒಳಗೆ ಹೋಗಿ ಅಂಚು ಮೇಲೇಳುತ್ತದೆ. ಕೈಗೆ ಸುಲಭಕ್ಕೆ ಸಿಗದ ಜಾಗ ಆದ್ದರಿಂದ ಇಲ್ಲಿನ ಸೋರಿಕೆಯನ್ನು ಚೇಂಬರ್ ಸೋರಿಕೆ ಅಂದುಕೊಳ್ಳುವವರೇ ಹೆಚ್ಚು. ಮ್ಯಾನಿಫೋಲ್ಡ್ ಯಾವ ಕಾರಣಕ್ಕೆ ಬಿಚ್ಚಿದರೂ ಈ ಎರಡು ಪ್ಯಾಕಿಂಗ್ ಬದಲಾಯಿಸಿಬಿಡಿ. ಕ್ರಮ ಟ್ಯಾಪೆಟ್ ಕವರಿನದೇ.

ಬಟ್ಟಲಿನ ಒಳಗೆ ಎಲಿಮೆಂಟ್ ಇರುವ ಹಳೆ ಮಾದರಿ ಫಿಲ್ಟರ್ ಆದರೆ, ಬಟ್ಟಲು ಕೂರುವ ಗ್ರೂವ್‌ನಲ್ಲಿ ರಬ್ಬರ್ ರಿಂಗ್ ಇರುತ್ತದೆ. ಹಳೆ ರಿಂಗ್ ಗಟ್ಟಿಯಾಗಿ, ಕಪ್ಪಾಗಿ ಅಲ್ಲೇ ಕೂತಿರುತ್ತದೆ. ಲೋಹದ ಭಾಗವೇ ಅನ್ನಿಸುತ್ತದೆ. ಅದರ ಮೇಲೆಯೇ ಹೊಸ ರಿಂಗ್ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಯಿಲ್ ಚಿಮ್ಮುತ್ತದೆ. ಚೂಪಾದ ಸೂಜಿಯಿಂದ ಕೆದಕಿ ಹಳೆಯದು ಬಂತೆಂದು ಖಾತ್ರಿ ಮಾಡಿಕೊಳ್ಳಿ. ಹೊಸ ರಿಂಗಿಗೆ ಆಯಿಲ್ ಸವರಿ ಕೂರಿಸಿ.

ಆಯಿಲ್ ಪ್ರೆಷರ್ ಪೈಪಿನ ಜೋಡಣೆ ಮತ್ತು ಸ್ವಿಚ್ ಎಂಜಿನ್ ಓಡುವಾಗ ಮಾತ್ರ ಸೋರುತ್ತವೆ. ನಿಂತ ಗಾಡಿಯಲ್ಲಿ ಒಣಗಿಯೇ ಕಾಣುತ್ತವೆ, ಪೌಡರ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಇಲ್ಲಿಯೂ ಡ್ರೇನ್ ಪ್ಲಗ್‌ನಲ್ಲಿಯೂ ತಾಮ್ರದ ವಾಷರ್ ಇದ್ದರೆ, ಅದು ಒಂದು ಸಲ ಅದುಮಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಸಿಗದಿದ್ದರೆ ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಸಿ ನೀರಿಗೆ ಹಾಕಿ. ಉಕ್ಕಿಗೆ ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಎಮರಿ ಪೇಪರಿನಲ್ಲಿ ಕಪ್ಪು ಉಜ್ಜಿ ಹಾಕಿ.

ಚೇಂಬರ್

ಸಂಪ್ ಅನ್ನು ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಅನ್ನುತ್ತಾರೆ. ಇದನ್ನು ಬಿಚ್ಚುವುದು ಕೊನೆಯ ಹೆಜ್ಜೆ ಆಗಿರಲಿ. ಮೇಲಿನದೆಲ್ಲ ಸರಿ ಮಾಡಿ ಮತ್ತೆ ಪೌಡರ್ ಹಾಕಿ ನೋಡಿದಾಗ, ಚೇಂಬರಿನ ಮೇಲ್ಭಾಗ ಒಣಗಿದ್ದು ಅಂಚಿನಿಂದಲೇ ಶುರುವಾದ ಗೆರೆ ಕಂಡರೆ ಮಾತ್ರ ಬಿಚ್ಚಿ. ಗಾಡಿಯ ಅಡ್ಡ ಚೌಕಟ್ಟು (ಕ್ರಾಸ್ ಮೆಂಬರ್) ಅಡ್ಡ ಬಂದರೆ ಎಂಜಿನ್ ಸ್ವಲ್ಪ ಎತ್ತಬೇಕಾಗುತ್ತದೆ. ಆಗ ಇನ್ನೊಬ್ಬರ ಸಹಾಯ ಬೇಕು.

ಬೋಲ್ಟ್ ತೂತುಗಳ ಸುತ್ತ ತಗಡು ಮೇಲಕ್ಕೆ ಉಬ್ಬಿರುತ್ತದೆ, ವರ್ಷಗಟ್ಟಲೆ ಬಿಗಿದು ಬಿಗಿದು ಆದದ್ದು. ಸಮತಟ್ಟಾದ ಕಬ್ಬಿಣದ ಮೇಲೆ ಅಂಚನ್ನು ಇಟ್ಟು ಆ ಉಬ್ಬುಗಳನ್ನು ತಟ್ಟಿ ಕೂರಿಸಿ. ಮುಂದೆ, ಹಿಂದೆ ಬೇರಿಂಗ್ ಕ್ಯಾಪ್ ಜಾಗದಲ್ಲಿ ಕೂರುವ ಕಾರ್ಕ್ ಪಟ್ಟಿಗಳ ತುದಿ ಅಂಚಿಗಿಂತ ಸ್ವಲ್ಪ ಎದ್ದಿರಬೇಕು. ಅದನ್ನು ಕತ್ತರಿಸಿ ಸಮ ಮಾಡಿದರೆ ಮೂಲೆಗಳಲ್ಲಿ ಸೋರುತ್ತದೆ. ಪೇಪರ್ ಪ್ಯಾಕಿಂಗ್ ಮತ್ತು ಕಾರ್ಕ್ ಸೇರುವ ನಾಲ್ಕು ಮೂಲೆಗೆ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟಿನ ಒಂದೊಂದು ಸಣ್ಣ ಬೊಟ್ಟು ಸಾಕು.

ಪೇಸ್ಟ್ ಬಗ್ಗೆ ಖಂಡಿತವಾಗಿ ಹೇಳುತ್ತೇನೆ. ಟ್ಯೂಬ್ ಹಿಂಡಿ ದಪ್ಪ ಗೆರೆ ಎಳೆಯುವುದು ಬಹಳ ಕೆಟ್ಟ ಅಭ್ಯಾಸ. ಹೊರಗೆ ಎಷ್ಟು ಪೇಸ್ಟ್ ಉಕ್ಕಿ ಕಾಣುತ್ತದೋ ಅಷ್ಟೇ ಒಳಗೂ ಉಕ್ಕಿರುತ್ತದೆ. ಆ ಹುಳುವಿನಂಥ ತುಂಡು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಬೇರಿಂಗುಗಳಿಗೆ ಆಯಿಲ್ ಹೋಗುವುದಿಲ್ಲ. ಒಂದು ತೊಟ್ಟು ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳಬೇಕಾಗುತ್ತದೆ.

ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ. ಆಮೇಲೆ ನಡುವಿನಿಂದ ಶುರು ಮಾಡಿ ಒಂದು ಈ ಕಡೆ, ಒಂದು ಆ ಕಡೆ ಅಂತ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಕೊನೆಯ ಅಳತೆ 6 ಪೌಂಡ್-ಅಡಿ, ಸುಮಾರು 8 ನ್ಯೂಟನ್ ಮೀಟರ್.

ಹಿಂದುಗಡೆಯ ತೊಟ್ಟು

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಅಡಿಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ನೇತಾಡುವ ಸ್ಪ್ಲಿಟ್ ಪಿನ್ ಇರಬಹುದು. ಪಿನ್ ಅಲುಗಾಡುತ್ತಾ ಇದ್ದರೆ ತೂತು ಕೊಳೆಯಿಂದ ಮುಚ್ಚಿಕೊಳ್ಳುವುದಿಲ್ಲ. ಆ ತೂತಿಗೆ ಎಂ-ಸೀಲ್ ಹಚ್ಚಿ ಮುಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಬೀಳಬೇಕಾದ ಆಯಿಲ್ ಒಳಗೆ ನಿಂತು ಕ್ಲಚ್ ಪ್ಲೇಟಿಗೆ ತಾಗುತ್ತದೆ, ಏರು ರಸ್ತೆಯಲ್ಲಿ ಕ್ಲಚ್ ಜಾರುತ್ತದೆ.

ಮೂರು ಮೇನ್ ಬೇರಿಂಗಿನ ಈ ಹಳೆ ಎಂಜಿನ್‌ನಲ್ಲಿ ಕ್ರ್ಯಾಂಕಿನ ಹಿಂದುಗಡೆ ಈಗಿನ ಥರದ ರಬ್ಬರ್ ಆಯಿಲ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಸುರುಳಿ ಗ್ರೂವ್ ಕೊರೆದಿರುತ್ತದೆ. ಅದು ತಿರುಗುವಾಗ ಆಯಿಲ್‌ ಅನ್ನು ಒಳಕ್ಕೆ ತಿರುಗಿಸಿ ಕಳಿಸುತ್ತದೆ. ನಿಂತಾಗ ಆ ಕೆಲಸ ನಿಲ್ಲುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿದ ಮೇಲೆ ಒಂದೆರಡು ತೊಟ್ಟು ಇಲ್ಲಿ ಬಿದ್ದರೆ ರೋಗ ಅಂದುಕೊಳ್ಳಬೇಡಿ, ತಟ್ಟೆ ಇಡಿ. ಓಡುವಾಗಲೂ ಸುರಿಯುತ್ತಿದ್ದರೆ, ಕ್ಲಚ್ ಜಾರುತ್ತಿದ್ದರೆ ಮೊದಲು ಬ್ರೀದರ್ ಮತ್ತೆ ನೋಡಿ. ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯೇ ನೋಡಿ. ಎರಡೂ ಸರಿಯಿದ್ದರೆ ಎಂಜಿನ್ ಇಳಿಸುವ ಕೆಲಸ, ಅದನ್ನು ಈ ಎಂಜಿನ್ ಗೊತ್ತಿರುವ ಮೇಸ್ತ್ರಿಗೆ ಬಿಡಿ.

ಸೋರುತ್ತದೆ ಅಂತ ಆಧುನಿಕ ಕಾರಿನ ತೆಳು ಆಯಿಲ್ ಹಾಕಿ ಪ್ರಯೋಗ ಮಾಡಬೇಡಿ, ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಹವೆಗೆ, ಈ ಎಂಜಿನ್‌ಗೆ 20W-50 ಸರಿ.

ಬೋಲ್ಟುಗಳು: ಇಂಚಾ, ಮಿಲಿಮೀಟರಾ?

ಮೈಸೂರಿನಲ್ಲಿ ಹಳೆ ಯಂತ್ರ ಬಲ್ಲ ಕೈಗಳಿಗೆ ಕೊರತೆ ಇಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿಗಳನ್ನು ಊರು ಇನ್ನೂ ಓಡಿಸುತ್ತಿದೆ. ಆದರೆ ಜಾವಾ ಜೆಕ್ ಮೂಲದ ಗಾಡಿ, ಅದರ ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕ. ಪದ್ಮಿನಿಯೂ ಫಿಯೆಟ್ ಮೂಲದ್ದು, ಅದೂ ಮಿಲಿಮೀಟರ್. ಅಂಬಾಸಿಡರ್ ಎಂಜಿನ್‌ನ ಬೋಲ್ಟುಗಳು ಬಹುಪಾಲು ಇಂಚಿನವು, ಯು.ಎನ್.ಎಫ್. ಅನ್ನುವ ಸಣ್ಣ ಥ್ರೆಡ್. ಒಂದೇ ಸ್ಪ್ಯಾನರ್ ಡಬ್ಬಿಯಲ್ಲಿ ಎಲ್ಲವನ್ನೂ ನೋಡಲು ಹೋದಾಗ ಅಂಬಾಸಿಡರ್ ಕೆಡುತ್ತದೆ.

5/16 ಇಂಚಿನ ಬೋಲ್ಟ್ ತೆಗೆದುಕೊಳ್ಳಿ. ಅದರ ದಪ್ಪ 7.94 ಮಿಲಿಮೀಟರ್. 8 ಮಿಲಿಮೀಟರ್ ಬೋಲ್ಟ್ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮೊದಲನೆಯದರಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಒಂದೊಂದರ ನಡುವೆ ಸುಮಾರು 1.06 ಮಿಲಿಮೀಟರ್. ಮಾಮೂಲಿ 8 ಮಿಲಿಮೀಟರ್ ಬೋಲ್ಟಿನಲ್ಲಿ ಆ ಅಂತರ 1.25. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಟೈಟ್ ಆಯ್ತು" ಅಂತ ಇನ್ನೂ ತಿರುಗಿಸಿದರೆ ಬ್ಲಾಕಿನ ಥ್ರೆಡ್ ಕಿತ್ತುಹೋಗುತ್ತದೆ. ಯಾವ ಬೋಲ್ಟೇ ಆಗಲಿ, ಬೆರಳಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ.

ಸ್ಪ್ಯಾನರ್ ಕೂಡ ಇಂಚಿನದೇ ಬೇಕು. 7/16, 1/2, 9/16 ಈ ಮೂರು ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ. 1/2 ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಅದರ ಮೇಲೆ ಸಡಿಲವಾಗಿ ಕೂತು ಮೂಲೆಗಳನ್ನು ಸವೆಸುತ್ತದೆ. ಹೊಸ ಬೋಲ್ಟ್ ಹಾಕುವಾಗ ತಲೆಯ ಮೇಲಿನ ಗುರುತು ನೋಡಿ. ಇಂಚಿನ ಬೋಲ್ಟಿನಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಗೆರೆಯೇ ಇಲ್ಲದ ಹಾರ್ಡ್‌ವೇರ್ ಅಂಗಡಿ ಬೋಲ್ಟನ್ನು ಮೌಂಟಿಂಗ್‌ಗಾಗಲಿ, ಬೆಲ್ ಹೌಸಿಂಗ್‌ಗಾಗಲಿ ಹಾಕಬೇಡಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹಳೆಯ ಬೋಲ್ಟನ್ನೇ ಮಾದರಿಗೆ ಜೇಬಿನಲ್ಲಿಟ್ಟುಕೊಂಡು ಹೋಗಿ.

ತಪಾಸಣೆಯನ್ನು ಮೌಂಟಿಂಗ್‌ನಿಂದ ಶುರು ಮಾಡಿ. ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ವಲ್ಪ ಆಕ್ಸಿಲರೇಟರ್ ಕೊಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಒಂದು ಕಡೆಗೆ ಎದ್ದು ಬಿದ್ದರೆ ರಬ್ಬರ್ ಹೋಗಿದೆ. ಅದನ್ನು ಬದಲಾಯಿಸದೆ ಉಳಿದ ಬೋಲ್ಟುಗಳನ್ನು ಬಿಗಿ ಮಾಡುವುದು ವ್ಯರ್ಥ. ಎಂಜಿನ್ ಆರಿಸಿ ಡೈನಮೋ ಬ್ರಾಕೆಟ್, ಸ್ಟಾರ್ಟರ್, ವಾಟರ್ ಪಂಪ್, ಕಾರ್ಬುರೇಟರ್ ಬುಡ, ಮ್ಯಾನಿಫೋಲ್ಡ್, ಸೈಲೆನ್ಸರ್ ಕ್ಲಾಂಪ್ ಒಂದೊಂದಾಗಿ ನೋಡಿ. ಕ್ರ್ಯಾಂಕ್ ಪುಲ್ಲಿ ಸಡಿಲವಾದರೆ ಬೇರಿಂಗ್ ಹೋದ ಹಾಗೇ ಬಡಿಯುತ್ತದೆ. ಆ ಸದ್ದು ಕೇಳಿ ಎಂಜಿನ್ ಬಿಚ್ಚುವ ಮುಂಚೆ ಪುಲ್ಲಿ ಅಲುಗಾಡಿಸಿ ನೋಡಿ.

ಬೋಲ್ಟ್ ತಾನಾಗಿ ಬಿಚ್ಚಿಕೊಳ್ಳುವುದು ಹೇಗೆ ಅಂತ 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗ ಮಾಡಿ ತೋರಿಸಿದರು. ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರಿದಾಗ ನಟ್ ಸುಲಭವಾಗಿ ತಿರುಗಿ ಸಡಿಲವಾಗುತ್ತದೆ. ಅಂಥ ಅಲುಗಾಟಕ್ಕೆ ಸ್ಪ್ರಿಂಗ್ ವಾಷರ್ ತಡೆ ಅಲ್ಲ. ಬ್ರಾಕೆಟ್ ಸವೆದು ಬೋಲ್ಟ್ ತೂತು ದೊಡ್ಡದಾಗಿದ್ದರೆ ಎಷ್ಟು ವಾಷರ್ ಹಾಕಿದರೂ ಪ್ರಯೋಜನ ಇಲ್ಲ. ತೂತು ಸರಿ ಮಾಡಿಸಿ, ಥ್ರೆಡ್ ಶುಭ್ರ ಮಾಡಿ, ಮ್ಯಾನ್ಯುಯಲ್ ಹೇಳಿದ ಅಳತೆಗೆ ಬಿಗಿ ಮಾಡಿ. ಹಳೆ ಮ್ಯಾನ್ಯುಯಲ್‌ನಲ್ಲಿ ಪೌಂಡ್-ಅಡಿ ಇದ್ದರೆ 1.356ರಿಂದ ಗುಣಿಸಿ, ನ್ಯೂಟನ್ ಮೀಟರ್ ಸಿಗುತ್ತದೆ. ಬಿಗಿ ಅಳೆಯುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಸಣ್ಣ ಅಳತೆಗೆ ನಂಬಿಕೆಗೆ ಬಾರದು, 5ರಿಂದ 25 ನ್ಯೂಟನ್ ಮೀಟರ್‌ನ ಸಣ್ಣದೊಂದು ಇಟ್ಟುಕೊಳ್ಳಿ.

ಡೈನಮೋ ಬ್ರಾಕೆಟ್, ಪೆಟ್ರೋಲ್ ಪಂಪ್ ಇಂಥ ಕಡೆ ಥ್ರೆಡ್ ಹಿಡಿದಿಡುವ ಅಂಟು, ನೀಲಿ ಲಾಕ್‌ಟೈಟ್, ಒಂದು ತೊಟ್ಟು ಹಾಕಬಹುದು. ಕೆಂಪು ಬೇಡ, ಮುಂದೆ ಬಿಚ್ಚಲು ಕಾಸಬೇಕಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಯಾವ ಲಾಕ್‌ಟೈಟೂ ನಿಲ್ಲುವುದಿಲ್ಲ, ಬಿಸಿಗೆ ಸುಟ್ಟುಹೋಗುತ್ತದೆ. ಅಲ್ಲಿಗೆ ಹಿತ್ತಾಳೆ ನಟ್ ಹಾಕಿ, ಅದು ಸ್ಟಡ್‌ಗೆ ತುಕ್ಕು ಹಿಡಿದು ಕೂರುವುದಿಲ್ಲ. ಒಂದು ಕಡೆ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆಯ ತುದಿಯಲ್ಲಿ ಹೀರಿ ತೆಗೆಯಿರಿ. ಆಯಿಲ್ ಮೇಲೆ ಬೋಲ್ಟ್ ಬಿಗಿದರೆ ಆ ಒತ್ತಡಕ್ಕೆ ಎರಕವೇ ಸೀಳಬಹುದು. ಥ್ರೆಡ್ ಹೋಗಿದ್ದರೆ ದೊಡ್ಡ ಬೋಲ್ಟ್ ತೂರಿಸುವ ಬದಲು ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ. ಮೂಲ ಅಳತೆಯೇ ಉಳಿಯುತ್ತದೆ.

ಸರಿಯಾಗಿ ಬಿಗಿಯಾದ ಪ್ರತಿ ನಟ್ ಮೇಲಿಂದ ಪಕ್ಕದ ಲೋಹಕ್ಕೆ ತಾಗುವಂತೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ಎರಡಾಗಿ ಸರಿದಿದ್ದರೆ ನಟ್ ತಿರುಗಿದೆ. ಒಂದೇ ಸಾಲಿನಲ್ಲಿದ್ದರೆ ಅದನ್ನು ಮುಟ್ಟಬೇಡಿ.

ಓಡಿಸಿ ನೋಡುವುದು

ಮೈಸೂರಿನವರಾದರೆ ಚಾಮುಂಡಿ ಬೆಟ್ಟ ಹತ್ತಿ, ಮಂಡ್ಯ ಕಡೆಯವರಾದರೆ ಮೇಲುಕೋಟೆಗೆ ಹೋಗಿ. ರಜಾ ದಿನ ಬೇಡ, ಜನಸಂದಣಿಯಲ್ಲಿ ಗಾಡಿ ನಿಲ್ಲಿಸಿ ನೋಡಲು ಆಗುವುದಿಲ್ಲ. ಏರಿನಲ್ಲಿ ಆಯಿಲ್ ಚೆನ್ನಾಗಿ ಕಾದು ತೆಳುವಾಗುತ್ತದೆ, ಎಂಜಿನ್‌ನ ಹಿಂಭಾಗಕ್ಕೂ ಸರಿಯುತ್ತದೆ. ಸಮ ರಸ್ತೆಯಲ್ಲಿ ಸುಮ್ಮನಿದ್ದ ಸೋರಿಕೆ ಇಲ್ಲಿ ಹೊರಗೆ ಬರುತ್ತದೆ. ಮೇಲೆ ಹೋದ ಮೇಲೆ ಬಾನೆಟ್ ಎತ್ತಿ, ಕೈ ಹಾಕದೆ ಟಾರ್ಚಿನಲ್ಲಿ ನೋಡಿ. ಮನೆಗೆ ಬಂದು ರಾತ್ರಿ ಮತ್ತೆ ರಟ್ಟು ಹಾಸಿ.

ತೆಗೆದ ಹಳೆ ಆಯಿಲ್ ಚರಂಡಿಗೋ, ಗದ್ದೆ ಬದುವಿಗೋ, ವಿ.ಸಿ. ನಾಲೆಗೋ ಹೋಗಬಾರದು. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಅಧಿಕೃತ ಮರುಬಳಕೆಗೆ ಕಳಿಸುವ ಸರ್ವೀಸ್ ಸೆಂಟರ್‌ಗೆ ಕೊಡಿ.

500 ಕಿಲೋಮೀಟರ್ ಆದ ಮೇಲೆ ಒಂದು ಸಲ ತಣ್ಣನೆಯ ಎಂಜಿನ್ ಮುಂದೆ ನಿಂತು ನೇಲ್ ಪಾಲಿಶ್ ಗೆರೆಗಳನ್ನು ನೋಡಿ. ಮ್ಯಾನಿಫೋಲ್ಡ್ ನಟ್‌ಗಳು ಸ್ವಲ್ಪ ಸಡಿಲ ಆಗಿದ್ದರೆ ಮತ್ತೆ ಅಳತೆಗೆ ತನ್ನಿ. ಹೊಸ ಕಾರ್ಕ್ ಕೂತು ಟ್ಯಾಪೆಟ್ ಕವರಿನ ನಟ್ ಕೈಗೆ ಸಡಿಲ ಅನ್ನಿಸಿದರೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ್ದರೆ ಹೆಡ್ ನಟ್‌ಗಳನ್ನು ಮ್ಯಾನ್ಯುಯಲ್‌ನ ಕ್ರಮದಲ್ಲಿ ಮತ್ತೆ ಟಾರ್ಕ್ ಮಾಡಿ, ಆಮೇಲೆ ಟ್ಯಾಪೆಟ್ ಗ್ಯಾಪ್ ಸರಿ ಮಾಡಿಸಿ. ಡಿಪ್‌ಸ್ಟಿಕ್ ಮಟ್ಟವನ್ನು ಅಂದಿನ ಕಿಲೋಮೀಟರ್ ಜೊತೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಸೋರಿಕೆ ಹೆಚ್ಚಾಯಿತೋ ಇಲ್ಲವೋ ಅನ್ನುವುದನ್ನು ನೆಲದ ಕಲೆ ನೋಡಿ ಅಂದಾಜು ಮಾಡಬೇಕಾಗಿಲ್ಲ.